ಗೈರುಹಾಜರಾದವರ ಹಕ್ಕು
(ವರ್ತಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



1932ರ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಶಿಕಾಗೋ ನಗರದ ಅಲ್ಯುಮಿನಿಯಂ ಪಾತ್ರೆಗಳ ಕಂಪೆನಿಯೊಂದು ದಿವಾಳಿಯ ಅಂಚಿನಲ್ಲಿತ್ತು. ಅದರ ಹೊಣೆ ಹೊತ್ತ ಹರ್ಬರ್ಟ್ ಟೇಲರ್ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು. ಇದು ಸತ್ಯವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಸ್ನೇಹ ವಿಶ್ವಾಸಗಳನ್ನು ಬೆಳೆಸುವುದೇ? ಎಲ್ಲರಿಗೂ ಹಿತವೇ? ಮೊದಲ ಪ್ರಶ್ನೆಗೇ ಜಾಹೀರಾತುಗಳು ಬದಲಾದವು. 'ಅತ್ಯುತ್ತಮ' ಎಂಬಂತಹ, ರುಜುವಾತುಪಡಿಸಲಾಗದ ಮಾತುಗಳನ್ನು ಕೈಬಿಡಲಾಯಿತು. 1943ರಲ್ಲಿ ರೋಟರಿ ಸಂಸ್ಥೆ ಈ ಪ್ರಶ್ನೆಗಳನ್ನು ಅಂಗೀಕರಿಸಿತು.

ಕಷ್ಟವಿರುವುದು 'ಎಲ್ಲರಿಗೂ' ಎಂಬ ಪದದಲ್ಲಿ. ನಮ್ಮ ಊರುಗಳಲ್ಲಿ ಅಣ್ಣ ತಮ್ಮಂದಿರ ಪಾಲುದಾರಿಕೆಯ ಅಂಗಡಿ ಮುರಿದುಬಿದ್ದಾಗ ವಿವಾದವು ಜಮಾಅತ್ ಕಮಿಟಿಯ ಮುಂದೆ ಬರುತ್ತದೆ. ಬಂಡವಾಳ ಹಾಕಿದವನೂ ದುಡಿದವನೂ ಸಭೆಯಲ್ಲಿರುತ್ತಾರೆ. ತನ್ನ ಒಡವೆ ಮಾರಿ ಹಣ ಕೊಟ್ಟ ಪತ್ನಿಯಾಗಲಿ, ಸಂಬಳ ಬಾಕಿಯಿರುವ ಕೆಲಸದ ಹುಡುಗನಾಗಲಿ ಅಲ್ಲಿರುವುದಿಲ್ಲ. ರಾಜಿಯಾಯಿತೆಂದು ನಾವು ಸಮಾಧಾನದಿಂದ ಎದ್ದು ಬರುತ್ತೇವೆ. ಕೈ ಕುಲುಕಿದವರ ಸ್ನೇಹವೇನೋ ಉಳಿಯಿತು. ಗೈರುಹಾಜರಾದವರ ಹಕ್ಕು?

ಆದ್ದರಿಂದ ಪ್ರಶ್ನೆಗಳ ಕ್ರಮ ಮುಖ್ಯ. ಸತ್ಯ ಮತ್ತು ನ್ಯಾಯ ಇತ್ಯರ್ಥವಾಗುವ ಮೊದಲೇ ಸ್ನೇಹದ ಮಾತೆತ್ತುವುದು ದುರ್ಬಲರ ಬಾಯಿ ಮುಚ್ಚಿಸುವ ಉಪಾಯವಾದೀತು. ಬಂಧುಗಳ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬುದು ನಮಗೆ ಹೊಸ ಪಾಠವಲ್ಲ. ನಾವು ಅದನ್ನು ಪರರಿಗೆ ಬೋಧಿಸುತ್ತೇವೆ, ನಮ್ಮವರ ಪಂಚಾಯಿತಿಯಲ್ಲಿ ಮರೆಯುತ್ತೇವೆ.

ಮುಂದಿನ ಸಲ ತೀರ್ಪು ಹೇಳಲು ಕುಳಿತಾಗ ಮೊದಲು ಲೆಕ್ಕದ ಪುಸ್ತಕ ತರಿಸೋಣ. ಇಲ್ಲಿಲ್ಲದವರು ಯಾರೆಂದು ಕೇಳಿ, ಅವರನ್ನು ಕರೆಸೋಣ. ಒಪ್ಪಂದವನ್ನು ಬರೆದು ಎಲ್ಲರಿಗೂ ಓದಿ ಹೇಳೋಣ. ಅಲ್ಲಿಯವರೆಗೆ ಅದನ್ನು ರಾಜಿಯೆಂದು ಕರೆಯದಿರೋಣ.