ಟ್ಯಾಂಕರಿನ ಬೆನ್ನಿನ ಫಲಕ



ತಲಪಾಡಿಯಿಂದ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ದಾರಿಯಾಗಿ ಕಾಞಂಗಾಡಿನವರೆಗೆ ಹೆದ್ದಾರಿಯ ಬದಿಯಲ್ಲಿ ಮನೆಯೋ ಅಂಗಡಿಯೋ ಇರುವವರಿಗೆ ಅನಿಲದ ಟ್ಯಾಂಕರ್ ಹೊಸ ನೋಟವೇನಲ್ಲ. ಮಂಗಳೂರಿನಲ್ಲಿ ಅನಿಲ ತುಂಬಿಸಿಕೊಂಡು ತೆಂಕಣಕ್ಕೆ ಹೋಗುವ ಈ ಗಾಡಿಗಳ ಎರಡು ಪಕ್ಕಗಳಲ್ಲೂ ಹಿಂಬದಿಯಲ್ಲೂ ಒಂದೊಂದು ಫಲಕವಿರುತ್ತದೆ. ಅದು ಪೊಲೀಸರಿಗೋ ಆರ್.ಟಿ.ಓ. ಕಚೇರಿಯವರಿಗೋ ಬರೆದದ್ದೆಂದು ನಾವು ತಿಳಿದಿದ್ದೇವೆ. ದಾರಿಬದಿಯಲ್ಲಿ ಬಾಳುವ ನಮಗೂ ಬರೆದದ್ದು ಅದು. ಇಂದು ಅದನ್ನು ಓದುವುದು ಹೇಗೆಂದು ನೋಡೋಣ.

2012ರ ಆಗಸ್ಟ್ 27ರ ರಾತ್ರಿ, ತಿರುವೋಣಕ್ಕೆ ಎರಡು ದಿನ ಇರುವಾಗ, ಕಣ್ಣೂರಿನ ಸಮೀಪದ ಚಾಲ ಎಂಬಲ್ಲಿ ಮಂಗಳೂರಿನಿಂದ ಬಂದ ಅನಿಲ ಟ್ಯಾಂಕರೊಂದು ರಸ್ತೆಯ ವಿಭಾಜಕಕ್ಕೆ ಬಡಿದು ಮಗುಚಿತು. ಅನಿಲ ಸೋರಿ ಹರಡಿತು, ಬೆಂಕಿ ಹತ್ತಿತು. ಇಪ್ಪತ್ತು ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಆ ಗಾಡಿಗೂ ಆ ಸರಕಿಗೂ ಏನೂ ಸಂಬಂಧವಿಲ್ಲದ, ತಮ್ಮ ಪಾಡಿಗೆ ಮನೆಯಲ್ಲಿದ್ದ ಊರವರು.

ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ದೊಡ್ಡ ಟ್ಯಾಂಕರಿನಲ್ಲಿ 17–18 ಟನ್, ಅಂದರೆ ಸುಮಾರು ಸಾವಿರದ ಇನ್ನೂರು ಸಿಲಿಂಡರುಗಳಷ್ಟು ಅನಿಲ. ಒಳಗೆ ದ್ರವವಾಗಿರುವ ಅದು ಹೊರಗೆ ಬಂದರೆ ಸುಮಾರು ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೆ ಹೋಗದೆ, ನೀರಿನ ಹಾಗೆ ತಗ್ಗಿಗೆ, ಚರಂಡಿಗೆ, ಹೊಸ್ತಿಲ ಒಳಗೆ ಹರಿಯುತ್ತದೆ. ಒಂದು ಕಿಡಿ ಸಾಕು.

ಇಂಥ ಸರಕಿನ ಸಾಗಾಟಕ್ಕೆಂದೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 129ರಿಂದ 137ರ ವರೆಗಿನ ನಿಯಮಗಳಿವೆ. ಸರಕು ಕಳುಹಿಸುವವನು ಅದು ಏನು, ಅದರಿಂದ ಏನು ಅಪಾಯ ಎಂಬುದನ್ನು ಲಾರಿಯ ಮಾಲಿಕನಿಗೆ ಪೂರ್ತಿಯಾಗಿ ತಿಳಿಸಬೇಕು. ಮಾಲಿಕನು ಅದನ್ನು ಚಾಲಕನಿಗೆ ಬರವಣಿಗೆಯಲ್ಲಿ ಕೊಡಬೇಕು. ಆ ಕಾಗದ ಚಾಲಕನ ಕೈಗೆಟಕುವಂತೆ ಕ್ಯಾಬಿನ್ನಿನಲ್ಲೇ ಇರಬೇಕು. ಚಾಲಕನಿಗೆ ಒಂದು ಭಾರತೀಯ ಭಾಷೆಯೂ ಇಂಗ್ಲಿಷೂ ಓದಿ ಬರೆಯಲು ಬರಬೇಕು. ಮೂರು ದಿನಗಳ ವಿಶೇಷ ತರಬೇತಿಯ ಪ್ರಮಾಣಪತ್ರ ಬೇಕು. ಗಾಡಿಯನ್ನು ಅಪಾಯವಿಲ್ಲದ ಜಾಗದಲ್ಲೇ ನಿಲ್ಲಿಸಬೇಕು. ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೂ ಮಾಲಿಕನಿಗೂ ಕೂಡಲೇ ತಿಳಿಸಬೇಕು. ಇದನ್ನು ಮೀರಿದರೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಬ್ಯಾಂಕಿನ ಕೌಂಟರಿನಲ್ಲಿ ಬಹುಕಾಲ ಕುಳಿತ ನಾನು ನಮೂನೆಯನ್ನು ಓದದೆ ಸಹಿ ಹಾಕುವವರನ್ನು ದಿನವೂ ಕಂಡವನು. ಅಲ್ಲಿ ತಪ್ಪಿದರೆ ಹಣ ಹೋಗುತ್ತಿತ್ತು. ಇಲ್ಲಿ ತಪ್ಪಿದರೆ ಹೋಗುವುದು ಪ್ರಾಣ, ಅದೂ ಸಹಿ ಹಾಕದವರದ್ದು.

ಇನ್ನು ಫಲಕದ ವಿಷಯ. ನಾವು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ, ಪೇಟೆಯಲ್ಲಿ ಮಲಯಾಳವನ್ನೋ ಆಡುವವರು. ಫಲಕ ಇಂಗ್ಲಿಷಿನಲ್ಲಿದೆಯೆಂದು ಹೆದರಬೇಕಾಗಿಲ್ಲ. ಅಂಕೆಗೂ ಚಿತ್ರಕ್ಕೂ ಭಾಷೆಯಿಲ್ಲ. 1075 ಎಂದಿದ್ದರೆ ಅಡಿಗೆ ಅನಿಲ, 1203 ಪೆಟ್ರೋಲು, 1005 ಅಮೋನಿಯಾ. ಓರೆಯಾಗಿ ನಿಲ್ಲಿಸಿದ ಚೌಕದಲ್ಲಿ ಬೆಂಕಿಯ ಜ್ವಾಲೆ ಇದ್ದರೆ ಉರಿಯುವ ವಸ್ತು. ತಲೆಬುರುಡೆ ಇದ್ದರೆ ವಿಷ. ಕೈಯ ಮೇಲೆ ಹನಿ ಬಿದ್ದು ಕರಗುವ ಚಿತ್ರವಿದ್ದರೆ ಆಸಿಡ್ಡಿನಂಥ ದ್ರವ. ಅಲ್ಲೇ ಇರುವ ಚಿಕ್ಕ ಸಂಕೇತದ ಕೊನೆಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರವಿದ್ದರೆ, ಸುತ್ತಲಿನ ಜನರನ್ನು ದೂರ ಕಳುಹಿಸಬೇಕಾದೀತು ಎಂದು ಅರ್ಥ. ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಯೂ ಅಲ್ಲಿರುತ್ತದೆ.

ಟ್ಯಾಂಕರ್ ಮಗುಚಿದ್ದು ಕಂಡರೆ ನೋಡಲು ಓಡಬೇಡಿ. ವಾಸನೆ ಬಂದರೆ ಒಲೆ, ಬೀಡಿ, ದೀಪ ಆರಿಸಿ. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬೇಡಿ, ತೆಗೆಯಲೂ ಬೇಡಿ. ಬೈಕು, ಜೀಪು ಚಾಲೂ ಮಾಡಬೇಡಿ. ಗಾಳಿ ಬೀಸಿ ಬರುವ ದಿಕ್ಕಿನ ಕಡೆಗೆ, ಎತ್ತರದ ಜಾಗಕ್ಕೆ, ನಡೆದೇ ಹೋಗಿ. ದೂರ ಸರಿದ ಮೇಲೆ 112ಕ್ಕೋ 101ಕ್ಕೋ ಕರೆ ಮಾಡಿ. ದೂರದಿಂದಲೇ ಕಾಣಿಸಿದ್ದರೆ ಫಲಕದ ಅಂಕೆಯನ್ನೂ ಹೇಳಿ. ಅಡಿಗೆ ಅನಿಲದ ಸೋರಿಕೆಗೆ 1906 ಎಂಬ ಸಂಖ್ಯೆಯೂ ಇದೆ. 2025ರ ಜುಲೈಯಲ್ಲಿ ಕಾಞಂಗಾಡಿನಲ್ಲಿ ಅನಿಲ ಟ್ಯಾಂಕರ್ ಮಗುಚಿದಾಗ ಸುತ್ತಲಿನವರನ್ನು ಮನೆಗಳಿಂದ ತೆರವುಗೊಳಿಸಿದರು. ಅರ್ಧ ದಿನದ ತೊಂದರೆಯೆಂದು ಅಂಥ ಹೊತ್ತಿನಲ್ಲಿ ಗೊಣಗಬಾರದು; ಚಾಲದವರಿಗೆ ಆ ಅರ್ಧ ದಿನ ಸಿಗಲಿಲ್ಲ.

ಕೊನೆಗೆ ನಮ್ಮದೇ ಮಾತು. ನಿಯಮವಿರುವುದು ಟ್ಯಾಂಕರಿಗೆ ಮಾತ್ರವೇ? ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ಡಿನ ಕ್ಯಾನನ್ನು ಅಕ್ಕಿಯ ಚೀಲದ ಪಕ್ಕದಲ್ಲಿಟ್ಟು ಜನ ತುಂಬಿದ ಜೀಪಿನಲ್ಲಿ ತರುತ್ತೇವೆ. ಪಟಾಕಿಯನ್ನು ಬಟ್ಟೆಯೆಂದು ಹೇಳಿ ಬಸ್ಸಿಗೆ ಏರಿಸುತ್ತೇವೆ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಕಾರಣ, ನಿಯಮ ಮೀರಿ ಒಳಗೆ ತಂದಿದ್ದ ಅನಿಲದ ಸಿಲಿಂಡರ್. ಚಹಾ ಕಾಯಿಸಲು ತಂದದ್ದು.

ಆದ್ದರಿಂದ ಆಸಿಡ್ಡನ್ನು ಅದರ ಮೂಲ ಕ್ಯಾನಿನಲ್ಲೇ, ಚೀಟಿ ಹರಿಯದಂತೆ, ಮುಚ್ಚಳ ಬಿಗಿದು, ಪ್ರಯಾಣಿಕರಿಲ್ಲದ ಸರಕಿನ ಗಾಡಿಯಲ್ಲಿ ತರಿಸಿ. ಒಳಗೆ ಏನಿದೆಯೆಂದು ಗಾಡಿಯವನಿಗೆ ಮೊದಲೇ ಹೇಳಿ. ಚಹಾದ ಗೂಡಂಗಡಿ ಇಟ್ಟವರು, ಒಲೆಯ ಪಕ್ಕಕ್ಕೇ ಟ್ಯಾಂಕರ್ ತಂದು ನಿಲ್ಲಿಸಿದರೆ ಚಾಲಕನಿಗೆ ಸಮಾಧಾನದಿಂದ ಹೇಳಿ ದೂರ ನಿಲ್ಲಿಸಲು ಕೇಳಿಕೊಳ್ಳಿ. ಒಂದು ಚಹಾದ ವ್ಯಾಪಾರ ತಪ್ಪಿದರೂ ಚಿಂತೆಯಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ 1075 ಎಂಬ ಅಂಕೆಯನ್ನು ಇಂದೇ ಬಾಯಿಪಾಠ ಮಾಡಿಸಿ.