ಚಪ್ಪಟೆ ಪಾದ ಮತ್ತು ಸಡಿಲು ಕೀಲು
(ತಾಯ್ತಂದೆಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ವಿದ್ಯೆ, ಭಾಷೆ, ಸಂಸ್ಕೃತಿ ಮೊದಲಾದ ಉನ್ನತ ವಿಷಯಗಳನ್ನು ಕುರಿತು ಮಾತನಾಡುವುದು ವಾಡಿಕೆ. ನಾವಾದರೋ ಅಂಗಾಲಿನ ವಿಷಯವನ್ನು ಎತ್ತಿಕೊಂಡು ನಿಂತಿದ್ದೇವೆ. ಬಹುಕಾಲ ವ್ಯಾಯಾಮ ಶಿಕ್ಷಕರಾಗಿದ್ದ ನಮ್ಮಿಂದ ನಡೆದ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುವುದಿದೆ.

ಹಲವು ವರ್ಷಗಳ ಹಿಂದೆ ನಮ್ಮ ಬಳಿ ಎಂಟನೆಯ ತರಗತಿಯ ಬಾಲಕನೊಬ್ಬನಿದ್ದನು. ಕಬಡ್ಡಿಯಲ್ಲಿ ಎರಡು ಸುತ್ತು ಆಡುವಷ್ಟರಲ್ಲಿ ಕಾಲುನೋವೆಂದು ಕುಳಿತುಬಿಡುವನು. ಒಂದೇ ವರ್ಷದಲ್ಲಿ ಮೂರು ಸಲ ಅವನ ಕಾಲು ಉಳುಕಿತು. ಇದು ನೆವವೆಂದು ನಾವು ಭಾವಿಸಿದೆವು. ಸಹಪಾಠಿಗಳೆದುರು ಸೋಮಾರಿಯೆಂದು ಜರೆದೆವು. ಅವನು ಮರುಮಾತಾಡಲಿಲ್ಲ. ಮರುವಾರದಿಂದ ಆಟದ ಬಯಲಿಗೆ ಬರುವುದನ್ನೇ ಬಿಟ್ಟನು.

ಮಳೆಗಾಲದ ಒಂದು ದಿನ ಮಕ್ಕಳು ಒದ್ದೆಗಾಲಿನಿಂದ ಶಾಲೆಯ ಸಿಮೆಂಟು ಜಗಲಿಯನ್ನು ಹಾದುಹೋದರು. ಇತರರ ಹೆಜ್ಜೆಗುರುತಿನ ಒಳಮಗ್ಗುಲು ಬಾಗಿ ಖಾಲಿಯಾಗಿದ್ದರೆ, ಇವನ ಹೆಜ್ಜೆ ಹಲಗೆಯಂತೆ ತುಂಬಿ ಮೂಡಿತ್ತು. ಅವನ ತಂದೆಯವರನ್ನು ಕರೆಸಿ ವಿಚಾರಿಸಿದೆವು. ಆ ಸಣ್ಣ ಬೇಸಾಯಗಾರರು ಯಾರದೋ ಮಾತನ್ನು ನಂಬಿ, ಅಡಿಕೆ ಮಾರಿದ ಹಣದ ದೊಡ್ಡ ಪಾಲನ್ನು ಪಾದ ತಿದ್ದುವುದೆನ್ನಲಾದ ಗಡುಸು ಬೂಟುಗಳಿಗೆ ವೆಚ್ಚಮಾಡಿದ್ದರು. ಹೀಗೆ ಆ ಹುಡುಗನಿಗೆ ಮನೆಯಲ್ಲಿ ಬೂಟಿನ ಬಾಧೆ, ಶಾಲೆಯಲ್ಲಿ ನಮ್ಮ ಬೈಗುಳು! ಆ ಬಳಿಕವೇ ನಾವು ವೈದ್ಯರನ್ನು ಕೇಳಿ, ಓದಿ, ಈ ವಿಷಯವನ್ನು ತಿಳಿದುಕೊಂಡೆವು.

ನಮ್ಮ ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ಇವುಗಳನ್ನು ನಾರುಕಟ್ಟುಗಳೂ ಸ್ನಾಯುಗಳೂ ಸೇರಿ ಕಮಾನಿನಂತೆ ಎತ್ತಿ ಹಿಡಿದಿರುತ್ತವೆ. ಹುಟ್ಟಿದ ಕೂಸಿನ ಪಾದದಲ್ಲಿ ಕಮಾನು ಕಾಣಿಸದು. ಕೊಬ್ಬಿನ ಮೆತ್ತೆ ಅದನ್ನು ಮುಚ್ಚಿರುತ್ತದೆ. ಸಾಮಾನ್ಯವಾಗಿ ಆರೇಳು ವರ್ಷಗಳ ಹೊತ್ತಿಗೆ ಅದು ರೂಪುಗೊಳ್ಳುತ್ತದೆ. ಕೆಲವರಲ್ಲಿ ಹತ್ತು ವರ್ಷದವರೆಗೂ ತಡವಾಗುವುದುಂಟು. ಆದ್ದರಿಂದ ಮೂರು ವರ್ಷದ ಮಗುವಿನ ಅಂಗಾಲನ್ನು ನೋಡಿ ಯಾರೂ ಕಂಗೆಡಬೇಕಾಗಿಲ್ಲ.

ಕೆಲವು ಮಕ್ಕಳಲ್ಲಿ ಕೀಲುಗಳನ್ನು ಬಿಗಿದಿಡುವ ನಾರುಕಟ್ಟುಗಳು ಹುಟ್ಟಿನಿಂದಲೇ ಸಡಿಲು. ಇಂಥವರು ಹೆಬ್ಬೆರಳನ್ನು ಬಾಗಿಸಿ ಮುಂಗೈಗೆ ತಾಗಿಸಬಲ್ಲರು. ಮೊಣಕಾಲು ಮಡಿಸದೆ ಅಂಗೈಗಳನ್ನು ನೆಲಕ್ಕೂರಬಲ್ಲರು. ಗೆಳೆಯರು ಇದಕ್ಕೆ ಚಪ್ಪಾಳೆ ತಟ್ಟುವರು. ಆದರೆ ಅದೇ ಸಡಿಲು ಹರಡಿನ ಕೀಲಿನಲ್ಲಿದ್ದಾಗ, ನಿಂತೊಡನೆ ಕಮಾನು ಕುಸಿದು ಹರಡು ಒಳಕ್ಕೆ ವಾಲುತ್ತದೆ. ನಾರುಕಟ್ಟು ಮಾಡಬೇಕಾದ ಕೆಲಸವನ್ನು ಹೆಜ್ಜೆಹೆಜ್ಜೆಗೂ ಸ್ನಾಯುಗಳು ಮಾಡಬೇಕಾಗುತ್ತದೆ. ಇಂಥ ಮಗು ಬೇಗ ದಣಿಯುವುದು ಈ ಕಾರಣದಿಂದ, ಸೋಮಾರಿತನದಿಂದಲ್ಲ. ಕೀಲು ಎತ್ತ ಬಾಗಿದೆಯೆಂಬ ಅರಿವೂ ಇಂಥವರಲ್ಲಿ ಮಂದವಾಗಿರುವುದುಂಟು. ಕಾಲು ಮತ್ತೆ ಮತ್ತೆ ಉಳುಕಲು ಅದೂ ಒಂದು ಕಾರಣ.

ಮನೆಯಲ್ಲಿಯೇ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಮಗುವನ್ನು ತುದಿಗಾಲಿನ ಮೇಲೆ ನಿಲ್ಲಿಸಿ ಹಿಂದಿನಿಂದ ನೋಡಿರಿ. ಆಗ ಕಮಾನು ಎದ್ದು ಕಂಡರೆ ಅದು ಮೃದುವಾದ ಚಪ್ಪಟೆ ಪಾದ. ನೋವಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಡ. ತುದಿಗಾಲಿನಲ್ಲಿಯೂ ಕಮಾನು ಏಳದೆ ಪಾದ ಪೆಡಸಾಗಿದ್ದರೆ, ಒಂದೇ ಕಾಲು ಚಪ್ಪಟೆಯಾಗಿದ್ದರೆ, ಊತ, ಕುಂಟು ಅಥವಾ ಬಿಡದ ನೋವಿದ್ದರೆ ತಡಮಾಡದೆ ಮೂಳೆವೈದ್ಯರಿಗೆ ತೋರಿಸತಕ್ಕದ್ದು. ಕೀಲು ಸಡಿಲಿನೊಡನೆ ಚರ್ಮವೂ ಅತಿಯಾಗಿ ಹಿಗ್ಗುತ್ತಿದ್ದರೆ, ಸಣ್ಣ ಪೆಟ್ಟಿಗೂ ಕಂದುಗಟ್ಟುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಇನ್ನು ಬೂಟುಗಳ ಮಾತು. ಅಮೆರಿಕದಲ್ಲಿ ವೆಂಗರ್ ಮತ್ತು ಅವರ ಸಹೋದ್ಯೋಗಿಗಳು ಎಳೆಯ ಮಕ್ಕಳನ್ನು ಮೂರು ವರ್ಷ ಪರೀಕ್ಷಿಸಿ 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವಿಶೇಷ ಬೂಟು ತೊಟ್ಟವರಲ್ಲಿಯೂ ತೊಡದವರಲ್ಲಿಯೂ ಕಮಾನು ಒಂದೇ ಬಗೆಯಾಗಿ ಬೆಳೆದಿತ್ತು. ನಮ್ಮ ಕಾಸರಗೋಡಿಗೆ ದೂರವಲ್ಲದ ಮಣಿಪಾಲದ ವೈದ್ಯರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಇವರು 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಬರೆದ ಲೇಖನವಂತೂ ನಮಗೆ ಇನ್ನೂ ಹತ್ತಿರದ್ದು. ಪಾದರಕ್ಷೆ ತೊಡುವವರಲ್ಲಿ ಶೇಕಡಾ 8.6 ಮಂದಿಗೂ ಬರಿಗಾಲಿನವರಲ್ಲಿ ಶೇಕಡಾ 2.8 ಮಂದಿಗೂ ಚಪ್ಪಟೆ ಪಾದವಿದ್ದುದು ಅವರಿಗೆ ಕಂಡುಬಂತು. ಕೀಲು ಸಡಿಲಾಗಿದ್ದ ಮಕ್ಕಳಲ್ಲಿ ಈ ಅಂತರ ಹೆಚ್ಚು ಎದ್ದುಕಾಣುತ್ತಿತ್ತು. ಬರಿಗಾಲೇ ಔಷಧವೆಂದು ಇದರಿಂದ ತಿಳಿಯಬಾರದು. ಆದರೆ ಚೊಕ್ಕಟವಾದ ಅಂಗಳದಲ್ಲಿ ಎಳೆಯರು ಬರಿಗಾಲಿನಲ್ಲಿ ಆಡಿದರೆ ತಡೆಯದಿರುವುದು ಲೇಸು. ಹಟ್ಟಿ, ಕೊಳಚೆ, ಹಾವು ಹುಳಗಳ ತೋಟ, ಇಲ್ಲೆಲ್ಲ ಪಾದರಕ್ಷೆ ಬೇಕೇ ಬೇಕು.

ನೋವಿರುವ ಮಗುವಿಗೆ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ, ಲಾಡಿ ಅಥವಾ ಪಟ್ಟಿಯುಳ್ಳ ಸಾಮಾನ್ಯ ಬೂಟು ಸಾಕು. ವೈದ್ಯರು ಹೇಳಿದರೆ ಒಳಗೊಂದು ಮೆತ್ತೆಯನ್ನಿಡಬಹುದು. ಅದು ನೋವನ್ನು ತಗ್ಗಿಸಬಲ್ಲುದು, ಕಮಾನನ್ನು ಕಟ್ಟಲಾರದು.

ನಿಜವಾದ ಬಲ ಸ್ನಾಯುಗಳಿಂದ ಬರತಕ್ಕದ್ದು. ಜಗಲಿಯ ಕಂಬವನ್ನು ಹಿಡಿದು ಹಿಮ್ಮಡಿಗಳನ್ನು ಮೆಲ್ಲನೆ ಎತ್ತಿ ಇಳಿಸುವುದು, ಒಂದು ಸರದಿಗೆ 10 ಸಲದಂತೆ ಎರಡು ಮೂರು ಸರದಿ. ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲುವುದು. ಕಾಲ್ಬೆರಳುಗಳಿಂದ ಹುಣಸೆಬೀಜಗಳನ್ನೋ ಒಣ ಅಡಿಕೆಯನ್ನೋ ಹೆಕ್ಕಿ ಗೆರಸೆಗೆ ಹಾಕುವುದು. ಬೆರಳು ಮಡಿಸದೆ ಉಂಗುಟದ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದು ಕಮಾನನ್ನೆತ್ತುವುದು. ಇವನ್ನು ದಿನವೂ ಹತ್ತು ನಿಮಿಷ ಮಾಡಿದರೆ ಸಾಕು. ಫಲ ಕಾಣಲು ವಾರಗಳಲ್ಲ, ತಿಂಗಳುಗಳೇ ಬೇಕು. ಕೀಲನ್ನು ಇನ್ನಷ್ಟು ಬಾಗಿಸುವ ಚಮತ್ಕಾರಗಳನ್ನು ಮಾತ್ರ, ಮಕ್ಕಳೇ, ಗೆಳೆಯರು ಎಷ್ಟೇ ಒತ್ತಾಯಿಸಿದರೂ ಮಾಡಬೇಡಿರಿ.

ಕಾಲು ಉಳುಕಿದೊಡನೆ ಎಳೆದು ತಿಕ್ಕಿಸುವುದು ತರವಲ್ಲ. ತಣ್ಣೀರು ಬಟ್ಟೆಯಿಟ್ಟು, ಹದವಾಗಿ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿರಿಸಬೇಕು. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ ಆಸ್ಪತ್ರೆಗೆ ಒಯ್ಯತಕ್ಕದ್ದು. ನೋವು ಮಾಗಿದ ಮೇಲೆ ಮೊದಲು ನಡಿಗೆ, ಬಳಿಕ ಒಂಟಿಕಾಲಿನ ಅಭ್ಯಾಸ, ಕೊನೆಗೆ ಆಟ.

ಆ ಬಾಲಕನ ಕಥೆಯನ್ನು ಮುಗಿಸಿಬಿಡುತ್ತೇವೆ. ನಾವು ಅವನ ಮನೆಗೆ ಹೋಗಿ, ನಮ್ಮಿಂದ ತಪ್ಪಾಯಿತೆಂದು ಹೇಳಿದೆವು. ಬೂಟುಗಳು ಅಟ್ಟ ಸೇರಿದವು. ಒಂದು ವರ್ಷ ಅವನು ಬಿಡದೆ ಅಭ್ಯಾಸ ಮಾಡಿದನು. ಅವನ ಪಾದ ಇಂದಿಗೂ ಚಪ್ಪಟೆಯೇ. ಆದರೆ ನೋವು ತಗ್ಗಿತು, ಉಳುಕು ಅಪರೂಪವಾಯಿತು, ಹತ್ತನೆಯ ತರಗತಿಯಲ್ಲಿ ಅವನು ಮತ್ತೆ ಕಬಡ್ಡಿಯ ಅಂಕಣಕ್ಕೆ ಇಳಿದನು. ಬಹುಮಾನವೇನೂ ಬರಲಿಲ್ಲ. ಆಟ ಮುಗಿಯುವವರೆಗೂ ಅಂಕಣದಲ್ಲಿದ್ದನು. ನಮಗೆ ಅಷ್ಟೇ ಸಾಕಾಗಿತ್ತು.

ತಾಯ್ತಂದೆಗಳೇ, ಅಧ್ಯಾಪಕ ಬಂಧುಗಳೇ, ಮಗು ಕಾಲುನೋವೆಂದು ಕುಳಿತಾಗ ಗದರಿಸುವ ಮುನ್ನ ಒಮ್ಮೆ ಅದರ ಒದ್ದೆ ಹೆಜ್ಜೆಯನ್ನು ನೋಡಿರಿ ಎಂದು ಬೇಡಿಕೊಳ್ಳುತ್ತೇವೆ.