ತಿಂಡಿ ಕೇಳಿದ ಮಗುವಿಗೆ ಏಟು

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡದ ವೇದಿಕೆಯಲ್ಲಿ ಇಂಗ್ಲಿಷ್ ಕಾದಂಬರಿಗೇನು ಕೆಲಸ ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಈಗತಾನೇ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ನಿಮ್ಮಲ್ಲಿ ಹಲವರು ಈ ಪುಸ್ತಕ ಓದಿದ್ದೀರಿ, ಕೆಲವರು 2014ರಲ್ಲಿ ಬಂದ ಸಿನಿಮಾವನ್ನೂ ನೋಡಿದ್ದೀರಿ. ಓದಿದ ಇಬ್ಬರು ಗೆಳೆಯರು ‘ಇದು ನಮ್ಮದೇ ಕಥೆ ಕಣೋ’ ಎಂದು ನನ್ನೊಡನೆ ರಾತ್ರಿಯಿಡೀ ವಾದ ಮಾಡಿದರು. ನಾನು ಅರ್ಧ ಒಪ್ಪಿದೆ. ಉಳಿದರ್ಧ ಯಾಕೆ ಒಪ್ಪಲಿಲ್ಲ ಎಂದು ಹೇಳಲು ಇಲ್ಲಿ ನಿಂತಿದ್ದೇನೆ.

ಪುಸ್ತಕ, ಅಮೆರಿಕದ ಲೇಖಕಿ ಲೋಯಿಸ್ ಲೌರಿಯವರ ‘ದಿ ಗಿವರ್’. ಬಂದದ್ದು 1993ರಲ್ಲಿ. ಅಲ್ಲಿನ ಮಕ್ಕಳ ಸಾಹಿತ್ಯಕ್ಕೆ ಸಿಗುವ ದೊಡ್ಡ ಗೌರವ, ನ್ಯೂಬೆರಿ ಪದಕ, 1994ರಲ್ಲಿ ಇದಕ್ಕೆ ಸಿಕ್ಕಿತು. ಮಕ್ಕಳು ಇದನ್ನು ಓದಬಾರದೆಂದು ಶಾಲೆಗಳಲ್ಲಿ ಆಕ್ಷೇಪಣೆಗಳೂ ಎದ್ದವು.

ಕಥೆಯಲ್ಲಿ ಒಂದು ಊರು. ಅಲ್ಲಿ ಹಸಿವಿಲ್ಲ, ಜಗಳವಿಲ್ಲ, ಬೆಟ್ಟಗುಡ್ಡವಿಲ್ಲ, ಬಣ್ಣವೂ ಇಲ್ಲ. ಯಾರಿಗೆ ಯಾರು ಜೋಡಿ, ಯಾರಿಗೆ ಯಾವ ಕೆಲಸ, ಎಲ್ಲವನ್ನೂ ಹಿರಿಯರ ಸಮಿತಿಯೇ ನಿರ್ಧರಿಸುತ್ತದೆ. ಊರಿನ ಹಿಂದಿನ ನೆನಪೆಲ್ಲ ಒಬ್ಬ ಮುದುಕನ ತಲೆಯಲ್ಲಿ ಮಾತ್ರ. ಅದನ್ನು ಮುಂದೆ ಹೊರಲು ಹನ್ನೆರಡರ ಹುಡುಗ ಜೋನಾಸ್ ಆಯ್ಕೆಯಾಗುತ್ತಾನೆ.

ಆ ಊರಿನಲ್ಲಿ ಮಾತು ತಪ್ಪುವಂತಿಲ್ಲ. ಜೋನಾಸನ ಗೆಳೆಯ ಆಶರ್ ಮೂರು ವರ್ಷದವನಿದ್ದಾಗ ‘ಸ್ನ್ಯಾಕ್’ ಅನ್ನಲು ಹೋಗಿ ‘ಸ್ಮ್ಯಾಕ್’ ಅಂದುಬಿಡುತ್ತಾನೆ. ಮೊದಲನೆಯದು ತಿಂಡಿ, ಎರಡನೆಯದು ಏಟು. ಸರಿ, ಕೇಳಿದ್ದನ್ನೇ ಕೊಡುತ್ತಾರೆ! ದಿನವೂ ತಪ್ಪು, ದಿನವೂ ಬೆತ್ತ, ಕಾಲ ತುಂಬಾ ಬಾಸುಂಡೆ. ಕೊನೆಗೆ ಮಗು ಮಾತನ್ನೇ ನಿಲ್ಲಿಸಿಬಿಡುತ್ತದೆ. ಇದನ್ನು ಮುಖ್ಯ ಹಿರಿಯಳು ತುಂಬಿದ ಸಭೆಯಲ್ಲಿ ತಮಾಷೆಯಾಗಿ ಹೇಳುತ್ತಾಳೆ. ಸಭೆ ನಗುತ್ತದೆ. ಜೋನಾಸನೂ ನಗುತ್ತಾನೆ.

ನಾನು ಓದಿದ ಶಾಲೆಯಲ್ಲಿ ಕನ್ನಡದ ಮಾತಿಗೆ ಒಂದು ರೂಪಾಯಿ ದಂಡವಿತ್ತು. ದಂಡಕ್ಕೆ ಕಾಸಿಲ್ಲದ ಹುಡುಗನೊಬ್ಬ ಆಟದ ಬಿಡುವಿನಲ್ಲೂ ಬಾಯಿ ಬಿಡುತ್ತಿರಲಿಲ್ಲ. ಅವನನ್ನು ‘ಮೂಗ’ ಎಂದು ಕರೆಯುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ಹಳೆಯ ಗೆಳೆಯರು ಸೇರಿದಾಗ ಅದನ್ನೇ ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ಅಲ್ಲಿದ್ದ. ಜೋನಾಸ್ ನಗುವ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ. ಇದು ಲೌರಿಯವರ ಗೆಲುವು. ಹೊಡೆಯುವವರ ಬಗ್ಗೆ ಯಾರು ಬೇಕಾದರೂ ಬರೆದಾರು, ಜೊತೆಗೆ ಕೂತು ನಕ್ಕವರನ್ನು ಇವರು ಹಿಡಿದುಹಾಕಿದ್ದಾರೆ.

ಇನ್ನೊಂದು ಜಾಗವನ್ನೂ ಹೇಳಬೇಕು. ಮುದುಕ ಒಂದು ಹಬ್ಬದ ಮನೆಯ ನೆನಪನ್ನು ಕೊಡುತ್ತಾನೆ: ದೀಪ, ಉಡುಗೊರೆ, ಅಜ್ಜ ಅಜ್ಜಿ. ಈ ಊರಿನ ಮಕ್ಕಳಿಗೆ ಅಜ್ಜ ಅಜ್ಜಿ ಎಂಬುವರೇ ಇಲ್ಲ. ಆ ನೆನಪಿನೊಳಗಿನ ಭಾವಕ್ಕೆ ಹುಡುಗನಲ್ಲಿ ಪದವಿಲ್ಲ. ಅದು ‘ಪ್ರೀತಿ’ ಎಂದು ಮುದುಕ ಹೇಳಿಕೊಡುತ್ತಾನೆ. ಹುಡುಗ ಮನೆಗೆ ಬಂದು ಅಪ್ಪ ಅಮ್ಮನನ್ನು ಆ ಪದದಿಂದಲೇ ಕೇಳಿದರೆ ಅವರು ನಕ್ಕು, ಅರ್ಥವಿಲ್ಲದ ಹಳೆಯ ಪದ, ಮಾತು ನಿಖರವಾಗಿರಲಿ ಎಂದು ತಿದ್ದುತ್ತಾರೆ. ಅದೇ ಊರಲ್ಲಿ ಕೊಲ್ಲುವುದಕ್ಕೆ ಹೆಸರು ‘ಬಿಡುಗಡೆ’! ಅವಳಿ ಕೂಸುಗಳಲ್ಲಿ ತೂಕ ಕಡಿಮೆಯದಕ್ಕೆ ಅಪ್ಪನೇ ಸೂಜಿ ಚುಚ್ಚಿ, ಪೆಟ್ಟಿಗೆಗೆ ಹಾಕಿ, ಟಾಟಾ ಹೇಳಿ ಕಳಿಸುತ್ತಾನೆ. ಅವನು ಕೆಟ್ಟವನಲ್ಲ, ಮಕ್ಕಳನ್ನು ಮುದ್ದಿಸುವವನು. ನಿಖರ ಮಾತಿನ ಊರಿನಲ್ಲಿ ಈ ಒಂದು ಪದ ಮಾತ್ರ ಸುಳ್ಳಾಗಿರಬಹುದು.

ಇಷ್ಟು ಹೊಗಳಿದ ಮೇಲೆ ತಕರಾರು. ಸಣ್ಣವನ್ನು ಬೇಗ ಮುಗಿಸುತ್ತೇನೆ. ಬೆನ್ನಿನ ಮೇಲೆ ಕೈಯಿಟ್ಟರೆ ನೆನಪು ಹೇಗೆ ದಾಟುತ್ತದೋ, ಬಣ್ಣ ಹೇಗೆ ಹೋಯಿತೋ, ಕೇಳಬೇಡಿ. ಆಶರ್, ಫಿಯೋನಾ ಇಬ್ಬರೂ ಕೊನೆಯ ಹೊತ್ತಿಗೆ ನಮ್ಮ ಕೈಬಿಟ್ಟು ಹೋಗುತ್ತಾರೆ. ಹುಡುಗ ಗಡಿ ದಾಟಿದರೆ ನೆನಪುಗಳು ಊರವರ ಮೇಲೆ ತಾವಾಗಿ ಬೀಳುತ್ತವಂತೆ. ಹೋರಾಟ ಇಷ್ಟು ಸಲೀಸಾಗಿದ್ದರೆ ನಾವೆಲ್ಲ ಒಂದು ಬಸ್ಸು ಹತ್ತಿ ಗಡಿ ದಾಟಿ ಬಿಡುತ್ತಿದ್ದೆವು!

ದೊಡ್ಡ ತಕರಾರು ಬೇರೆ ಇದೆ. ಮುದುಕ ಹಿಮ ಕೊಡುತ್ತಾನೆ, ಬಿಸಿಲು ಕೊಡುತ್ತಾನೆ, ಯುದ್ಧ ಕೊಡುತ್ತಾನೆ, ಬೇಟೆಗಾರರು ಕೊಂದ ಆನೆಯನ್ನೂ ಕೊಡುತ್ತಾನೆ. ಇನ್ನೊಂದು ನುಡಿಯನ್ನು ಕೊಡುವುದಿಲ್ಲ. ತಲೆಮಾರುಗಳ, ಇಡೀ ಜಗತ್ತಿನ ನೆನಪಂತೆ, ಎಲ್ಲವೂ ಒಂದೇ ಭಾಷೆಯಲ್ಲಿ! ಬಣ್ಣ ಅಳಿಸಿದವರು ನುಡಿಗಳನ್ನೂ ಅಳಿಸಿಯೇ ಇರಬೇಕಲ್ಲವೇ? ಜೋನಾಸ್ ಅದನ್ನು ಕೇಳುವುದೇ ಇಲ್ಲ. ಲೇಖಕಿಗೂ ಅದು ಹೊಳೆದಂತಿಲ್ಲ.

ಬೇಸರ ಇಲ್ಲಿಯೇ. ಯಾಕೆಂದರೆ ಅವರಿಗೆ ಹೊಳೆಯಬಹುದಿತ್ತು. ಬಾಲ್ಯದಲ್ಲಿ ಅವರು ಟೋಕಿಯೋದಲ್ಲಿದ್ದರು, ಬೇಲಿ ಹಾಕಿದ ಅಮೆರಿಕನ್ ಬಡಾವಣೆಯೊಳಗೆ. ಅಲ್ಲಿ ಮನೆಗಳು ಅಮೆರಿಕದವು, ಸಿನಿಮಾ ಅಮೆರಿಕದ್ದು. ಈ ಹುಡುಗಿ ಸೈಕಲ್ ಏರಿ ಕದ್ದು ಬೇಲಿಯಾಚೆ ಶಿಬುಯಾ ಪೇಟೆಗೆ ಹೋಗುತ್ತಿದ್ದಳು. ನ್ಯೂಬೆರಿ ಪದಕ ಪಡೆದಾಗಿನ ಭಾಷಣದಲ್ಲಿ ಅವರೇ ಇದನ್ನು ಕಾದಂಬರಿಯ ಬೇರುಗಳಲ್ಲೊಂದೆಂದು ಹೇಳಿದ್ದಾರೆ. ಬೇಲಿಯಾಚೆ ಏನಿತ್ತು? ಜಪಾನೀ ಅಂಗಡಿ, ಜಪಾನೀ ಜನ, ಜಪಾನೀ ಮಾತು. ಕಾದಂಬರಿಗೆ ಬೇಲಿ ಬಂತು, ಸೈಕಲ್ಲೂ ಬಂತು. ಆ ಮಾತು ಮಾತ್ರ ಬರಲಿಲ್ಲ.

ಆದ್ದರಿಂದ ‘ನಮ್ಮದೇ ಕಥೆ’ ಎನ್ನುವ ಗೆಳೆಯರಿಗೆ ನನ್ನ ಉತ್ತರ: ಏಟು ತಿಂದ ಮಗುವಿನವರೆಗೆ ಹೌದು. ಅದರಾಚೆ ನಾವು ಕಂಡದ್ದೆಲ್ಲ ನಾವೇ ಸೇರಿಸಿಕೊಂಡದ್ದು, ಪುಸ್ತಕದಲ್ಲಿಲ್ಲ.

ಕೊನೆಯ ಪುಟದಲ್ಲಿ ಹುಡುಗ ಕೂಸನ್ನು ಅಪ್ಪಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತಾನೆ. ಕೆಳಗೆ ಕಿಟಕಿಗಳಲ್ಲಿ ದೀಪ, ಜನ ಹಾಡುವ ಸದ್ದು. ಬದುಕಿದನೇ ಸತ್ತನೇ ಎಂದು ಎಲ್ಲರೂ ಜಗಳವಾಡುತ್ತಾರೆ, ಮುಂದಿನ ಭಾಗಗಳಲ್ಲಿ ಅದಕ್ಕೆ ಉತ್ತರವೂ ಇದೆ. ನನಗೆ ಬೇಕಾಗಿದ್ದದ್ದು ಬೇರೆ ಉತ್ತರ. ಆ ಜನ ಯಾವ ನುಡಿಯಲ್ಲಿ ಹಾಡುತ್ತಿದ್ದರು?

ನನ್ನ ಪ್ರತಿ ಮೇಜಿನ ಮೇಲಿದೆ. ಓದುವವರು ಹೆಸರು ಬರೆಸಿ ಒಯ್ಯಿರಿ, ಮುಂದಿನ ಸಭೆಗೆ ತಂದುಕೊಡಿ.